ಓರಿನಾ ಆಯಿಯ ಉದ್ದ ದಾರಿ

ಈ ಊರಿಗೆ ನಾವು ಉಳಿಯಬೇಕೆಂದು ಬಂದವರಲ್ಲ. ನಾನು ಮತ್ತು ನನ್ನ ಗಂಡ ದಸ್ತಗೀರ ಇಪ್ಪತ್ತಾರು ವರ್ಷ ಒಂದು ಮರಳಿನ ದೇಶದಲ್ಲಿ ದುಡಿದೆವು. ಅವರು ಫ್ರಿಜ್, ಎಸಿ ರಿಪೇರಿ ಮಾಡುತ್ತಿದ್ದರು, ನಾನು ಒಂದು ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುತ್ತಿದ್ದೆ. ಆ ದೇಶದಲ್ಲಿ ಕೆಲಸ ಮುಗಿದವರಿಗೆ ಜಾಗವಿಲ್ಲ. ಗಂಡನಿಗೆ ಅರವತ್ತು ತುಂಬಿದ ತಿಂಗಳು ಸಾಮಾನು ಕಟ್ಟಲೇಬೇಕಾಯಿತು.

ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಗದಗಿನ ಕಡೆ ನಮಗೆ ಮನೆಯಿಲ್ಲ ಎಂದಲ್ಲ. ನನ್ನ ತವರು ಒಂದಿದೆ, ಅವರ ಅಣ್ಣಂದಿರ ಮನೆ ಒಂದಿದೆ. ನಮ್ಮ ಮದುವೆಯನ್ನು ಎರಡೂ ಮನೆಯವರು ಒಪ್ಪಿರಲಿಲ್ಲ. ಈಗ ಯಾರಿಗೂ ಸಿಟ್ಟಿಲ್ಲ. ಹೋದರೆ ಕುರ್ಚಿ ಒರೆಸಿ ಕೂರಿಸುತ್ತಾರೆ, ಚಹಾ ಕೊಡುತ್ತಾರೆ, ವಾಪಸ್ಸು ಯಾವಾಗ ಎಂದು ಕೇಳುತ್ತಾರೆ. ಕುರ್ಚಿ ಒರೆಸಿ ಕೂರಿಸುವ ಮನೆಯಲ್ಲಿ ಬಾಳುವುದು ಹೇಗೆ? ನಮಗೆ ಮಕ್ಕಳಿಲ್ಲ. ಹೀಗಾಗಿ ಯಾವ ಊರಾದರೂ ಆದೀತು, ಆದರೆ ಯಾವುದು ಎಂದು ನಾವೇ ಆರಿಸಬೇಕಿತ್ತು. ಒಂದೊಂದು ಊರಿನಲ್ಲಿ ಆರಾರು ತಿಂಗಳು ಇದ್ದು ನೋಡೋಣ ಎಂದುಕೊಂಡು ಹೊರಟೆವು.

ಮೊದಲನೆಯ ಊರು ತೀರಾ ಚಳಿ. ಎರಡನೆಯದು ಒಂದು ದ್ವೀಪ. ಅದು ನನಗೆ ಹಿಡಿಸಿತು. ಮರಳಿನ ದೇಶದಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಶಶಿಕಲಾ ಅಲ್ಲಿ ನೆಲೆಸಿದ್ದಳು. ಅವಳ ಮನೆಯ ಗೋಡೆಗೆ ಹತ್ತಿದ ಮನೆಯೇ ಖಾಲಿಯಿತ್ತು. ಬಾಲ್ಕನಿಯಲ್ಲಿ ನಿಂತು ಕನ್ನಡದಲ್ಲಿ ಹರಟಬಹುದಿತ್ತು. ಇನ್ನೊಂದು ಊರು ನೋಡಿ ಬಂದು ಹೇಳುತ್ತೇವೆ ಎಂದು ಅವಳಿಗೆ ಹೇಳಿ ಹಡಗು ಹತ್ತಿದೆವು. ಆ ಹಡಗು ಅರ್ಧ ದಾರಿಯಲ್ಲಿ ಕೆಟ್ಟು ನಮ್ಮನ್ನು ಈ ಊರಿನಲ್ಲಿ ಇಳಿಸಿತು. ಈ ಊರಿನ ಹೆಸರು ಹೇಳಿ ಪ್ರಯೋಜನವಿಲ್ಲ, ಯಾವ ನಕಾಶೆಯಲ್ಲೂ ಅದು ಇಲ್ಲ.

ಬಂದರಿನ ಗುಮಾಸ್ತ ಹರಕುಮುರುಕು ಇಂಗ್ಲಿಷಿನಲ್ಲಿ ಬೇಕರಿಯ ಬಾಲ್ತು ಎಂಬುವನ ಮನೆಯಲ್ಲಿ ಬಾಡಿಗೆ ಕೋಣೆಯಿದೆ ಎಂದ. ಅಲ್ಲೇ ನಿಂತು ಬೆರಳು ತೋರಿಸಿದ. ಮೀನು ಪೇಟೆಯಾಚೆ ಕೆಂಪು ಹಂಚಿನ ಮಾಡು ಕಾಣುತ್ತಿತ್ತು. ಹತ್ತು ನಿಮಿಷದ ನಡಿಗೆ ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಟೆವು. ನಮ್ಮ ಜೊತೆ ಹೆಜ್ಜೆಯಿಟ್ಟವರು ನಾಲ್ಕು ಹೆಜ್ಜೆಗೆ ಕಾಣದಾದರು. ನಾವು ಏಣಿ ಮಾಡುವ ಒಂದು ಅಂಗಡಿ ದಾಟಿದೆವು, ನೀಲಿ ಗೇಟಿನ ಮನೆ ದಾಟಿದೆವು, ಒಂದು ಬಾವಿ ದಾಟಿದೆವು, ಒಂದು ಬೇವಿನ ಸಾಲು ದಾಟಿದೆವು. ಕೆಂಪು ಹಂಚು ಅಷ್ಟೇ ದೂರದಲ್ಲಿತ್ತು. ಮನೆ ಮುಟ್ಟಿದಾಗ ಎರಡು ತಾಸಾಗಿತ್ತು.

ಬಾಲ್ತು ನಮ್ಮ ಮುಖ ನೋಡಿದವನೇ ಎರಡು ಚೊಂಬು ನೀರು ತಂದ. ಹೊಸಬರು ಬರುತ್ತಿದ್ದಾರೆಂದು ಗೊತ್ತಿದ್ದರೆ ದಾರಿಗೆ ಬುತ್ತಿ ಕಳಿಸುತ್ತಿದ್ದೆ ಎಂದು ಅವನು ಬೇಜಾರು ಮಾಡಿಕೊಂಡದ್ದು ನಮಗೆ ಆಮೇಲೆ ತಿಳಿಯಿತು. ಇಲ್ಲಿಯ ಮಾತೇ ಬೇರೆ. ಅದನ್ನು ಕಲಿಯಲು ನಮಗೆ ಎರಡು ತಿಂಗಳು ಹಿಡಿಯಿತು. ಆದರೆ ಹೇಳುವಾಗ ಅವರ ಮಾತೆಲ್ಲ ನನ್ನ ಬಾಯಲ್ಲಿ ಗದಗಿನ ಮಾತಾಗಿಯೇ ಬರುತ್ತದೆ, ಕ್ಷಮಿಸಬೇಕು.

ಇಲ್ಲಿ ದಾರಿ ಒಬ್ಬೊಬ್ಬರಿಗೆ ಒಂದೊಂದು ಉದ್ದ. ಹೊಸದಾಗಿ ಬಂದವರಿಗೆ ಎಲ್ಲವೂ ದೂರ. ಊರು ಒಗ್ಗಿದಂತೆ ದಾರಿ ಗಿಡ್ಡವಾಗುತ್ತ ಬರುತ್ತದೆ, ನಡುವಿನ ಮನೆಗಳು, ಮರಗಳು ಒಂದೊಂದಾಗಿ ಬಿಟ್ಟುಹೋಗುತ್ತವೆ. ಇಲ್ಲೇ ಹುಟ್ಟಿದ ಮಕ್ಕಳಿಗೂ ಮೊದಲು ದಾರಿ ಉದ್ದವೇ. ಹತ್ತು ವರ್ಷದ ಹೊತ್ತಿಗೆ ಅರ್ಧವಾಗುತ್ತದೆ. ಅದಕ್ಕೆ ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ತಡವಾಗಿ ಗಂಟೆ ಹೊಡೆಯುತ್ತಾರೆ. ಇಬ್ಬರು ಕೈ ಹಿಡಿದು ನಡೆದರೆ ಉದ್ದ ದಾರಿಯವರ ದಾರಿಯೇ ಇಬ್ಬರಿಗೂ. ಕೈ ಬಿಟ್ಟರೆ ಅವರವರ ದಾರಿ ಅವರವರಿಗೆ. ಇದನ್ನು ಯಾರೂ ನಮಗೆ ಕೂರಿಸಿಕೊಂಡು ವಿವರಿಸಲಿಲ್ಲ. ನೆಂಟರ ಮನೆಗೆ ಹೊರಟ ಹೊಸ ಸೊಸೆಯ ಕೈಯನ್ನು ಗಂಡ ಹಿಡಿಯುತ್ತಾನೋ ಬಿಡುತ್ತಾನೋ ಎಂದು ಹೆಂಗಸರು ಗಮನಿಸುವುದನ್ನು ನೋಡಿ ನಾವೇ ತಿಳಿದುಕೊಂಡೆವು.

ದಸ್ತಗೀರ ಎಲ್ಲಿ ಹೋದರೂ ಮೂರು ದಿನಕ್ಕೆ ಮೂವರು ಗೆಳೆಯರನ್ನು ಮಾಡಿಕೊಳ್ಳುವ ಮನುಷ್ಯ. ಮೀನು ಪೇಟೆಯ ಐಸ್ ಪೆಟ್ಟಿಗೆಗಳನ್ನು ರಿಪೇರಿ ಮಾಡುವ ಕೆಲಸ ಹಿಡಿದರು. ನಾನು ಅದೇ ಪೇಟೆಯ ಒಂದು ಹೊಲಿಗೆ ಅಂಗಡಿಯಲ್ಲಿ ಮೀನು ಮಾರುವ ಹೆಂಗಸರಿಗೆ ಏಪ್ರನ್ ಹೊಲಿಯಲು ಕೂತೆ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದೆವು. ಮೂರನೆಯ ವಾರ ಏಣಿಯ ಅಂಗಡಿಯ ಹತ್ತಿರ ಪಕ್ಕಕ್ಕೆ ತಿರುಗಿದರೆ ಅವರು ಇರಲಿಲ್ಲ. ಪೇಟೆಯಲ್ಲಿ ನನಗಾಗಿ ಕಾಯುತ್ತ ನಿಂತಿದ್ದರು, ಮುಖದಲ್ಲಿ ಸಂತೋಷವೂ ಇತ್ತು, ತಪ್ಪು ಮಾಡಿದವರ ಕಳೆಯೂ ಇತ್ತು. ಎರಡನೆಯ ತಿಂಗಳ ಕೊನೆಗೆ ಅವರ ದಾರಿ ಹನ್ನೆರಡು ನಿಮಿಷಕ್ಕೆ ಬಂತು. ಹೊಸಬರ ದಾರಿ ಕಾಲು ತಾಸಿಗಿಂತ ಕಡಿಮೆಯಾದರೆ ಇಲ್ಲಿ ಸಿಹಿ ಹಂಚುವುದು ರೂಢಿ. ಬಾಲ್ತು ಬೆಲ್ಲದ ಬ್ರೆಡ್ಡು ಸುಟ್ಟು ಓಣಿಗೆಲ್ಲ ಕೊಟ್ಟ. ನನ್ನ ದಾರಿ ಆವತ್ತೂ ಎರಡು ತಾಸು.

ಮೊದಮೊದಲು ಅವರು ನನ್ನ ಕೈ ಹಿಡಿದೇ ಬಂದರು. ಆಮೇಲೆ ಕೆಲಸಕ್ಕೆ ತಡವಾಗತೊಡಗಿತು, ಐಸ್ ಕರಗಿ ಮೀನು ಕೆಟ್ಟಿತು, ಪೇಟೆಯವರು ಗೊಣಗಿದರು. ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ, ನನ್ನ ಕಡೆ ನೋಡದೆ, "ನೀಲಾ, ನೀ ಹಿಂದಿಂದ ಬಾ" ಎಂದರು. ನಾನು ಆಯಿತು ಎಂದೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರು ನನಗೆ ಬೈದದ್ದಿದೆ, ನಾನು ಅವರಿಗೆ ಬೈದದ್ದಿದೆ. ಯಾವುದೂ ಈ ಮಾತಿನಷ್ಟು ಚುಚ್ಚಿರಲಿಲ್ಲ. ಆ ಎರಡು ತಾಸು ನಡೆಯುತ್ತ ನಾನು ದ್ವೀಪದ ಊರಿಗೇ ಹೋಗುವುದು ಎಂದು ಗಟ್ಟಿ ಮಾಡಿಕೊಂಡೆ. ಅಲ್ಲಿ ದಾರಿ ಎಲ್ಲರಿಗೂ ಒಂದೇ ಉದ್ದ. ಸಂಜೆ ಅವರಿಗೆ ಹೇಳಿದೆ. ಅವರು ಆರು ತಿಂಗಳು ಮುಗಿಯಲಿ ನೋಡೋಣ ಎಂದರು. ಅವರಿಗೆ ಈ ಊರು ಬಿಡಲು ಮನಸ್ಸಿಲ್ಲ ಎಂದು ನನಗೆ ಗೊತ್ತಾಯಿತು. ಮರುದಿನದಿಂದ ಅವರು ಒಬ್ಬರೇ ಹೊರಟರು.

ಕೆಳಗಿನ ಮನೆಯಲ್ಲಿ ಬಾಲ್ತುವಿನ ತಾಯಿ ಓರಿನಾ ಇದ್ದಳು. ಎಂಬತ್ತು ದಾಟಿದ ಮುದುಕಿ, ತೆಳ್ಳಗೆ, ಬಿಳಿ ಕೂದಲನ್ನು ಎರಡು ಜಡೆ ಹೆಣೆದು ನೆತ್ತಿಗೆ ಸುತ್ತಿಕೊಂಡಿರುತ್ತಿದ್ದಳು. ನಾನು ಅವಳನ್ನು ಆಯಿ ಎಂದು ಕರೆಯುತ್ತಿದ್ದೆ. ಅವಳು ಯಾವಾಗಲೂ ಮನೆಯಲ್ಲೇ ಇರುತ್ತಿದ್ದಳು. ಕಾಲಿಗೆ ಶಕ್ತಿಯಿಲ್ಲ ಎಂದುಕೊಂಡಿದ್ದೆ. ಕಾರಣ ಅದಲ್ಲ. ಅವಳಿಗೆ ಹೋಗಲು ಎಲ್ಲಿಯೂ ದಾರಿ ಉಳಿದಿರಲಿಲ್ಲ. ಹೊಸ್ತಿಲು ದಾಟಿ ಮೂರು ಹೆಜ್ಜೆಯಿಟ್ಟರೆ ಮೀನು ಪೇಟೆ. ಅಲ್ಲಿಂದ ಎರಡು ಹೆಜ್ಜೆ ಸಮುದ್ರ. ಪೇಟೆಯಿಂದ ಇನ್ನೊಂದು ಕಡೆಗೆ ಎರಡು ಹೆಜ್ಜೆ ಗೋರಿಗಳ ಗುಡ್ಡ. ಇಡೀ ಊರು ಅವಳಿಗೆ ಒಂದು ಪಡಸಾಲೆಯಷ್ಟಾಗಿತ್ತು.

ಒಂದು ಸಂಜೆ ನಾನು ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತಾಗ ಅವಳು ಪಕ್ಕಕ್ಕೆ ಬಂದು ಕೂತಳು. ದಾರಿಯಲ್ಲಿ ಏನೇನು ಕಂಡಿತು ಎಂದು ಕೇಳಿದಳು. ಹೊತ್ತು ಕಳೆಯಲು ಕೇಳುತ್ತಿದ್ದಾಳೆಂದು ನಾನು ಬೇವಿನ ಸಾಲು, ಬಾವಿ ಎಂದು ಹೇಳಿದೆ. ಅವಳು ಮುಂದಕ್ಕೆ ಬಾಗಿದಳು. ಬಾವಿಯ ಹಗ್ಗ ತೆಂಗಿನದೋ ಸೆಣಬಿನದೋ? ನೀಲಿ ಗೇಟಿನ ಮನೆಯ ಅಂಗಳದಲ್ಲಿ ಪೇರಲ ಗಿಡ ಇದೆಯೋ? ಏಣಿಯ ಅಂಗಡಿಯಲ್ಲಿ ಈಗ ಯಾರು ಕೂರುತ್ತಾರೆ? ನಾನು ಅದನ್ನೆಲ್ಲ ನೋಡಿಯೇ ಇರಲಿಲ್ಲ. ಉದ್ದ ದಾರಿಯ ಮೇಲಿನ ಸಿಟ್ಟಿನಲ್ಲಿ ನೆಲ ನೋಡಿಕೊಂಡು ನಡೆದಿದ್ದೆ. ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಎಂದೆ.

ಹಾಗೆ ಶುರುವಾಯಿತು. ದಿನಾ ಸಂಜೆ ಅವಳಿಗೆ ಹೇಳುವುದಕ್ಕಾಗಿ ನಾನು ನೋಡತೊಡಗಿದೆ. ಬಾವಿಗೆ ಸೆಣಬಿನ ಹಗ್ಗ. ಪೇರಲ ಗಿಡವಿದೆ, ಅದರ ಒಂದು ಕೊಂಬೆಗೆ ಯಾರೋ ಊರುಗೋಲು ಕೊಟ್ಟಿದ್ದಾರೆ. ಅಂಗಡಿಯಲ್ಲಿ ಒಬ್ಬ ಹೆಂಗಸು ಏಣಿಯ ಮೆಟ್ಟಿಲು ಹೊಡೆಯುತ್ತಾಳೆ. ಅವಳ ಮೂಗು ದೊಡ್ಡದು ಎಂದಾಗ ಆಯಿ ತೊಡೆ ತಟ್ಟಿ ನಕ್ಕಳು, ಅದು ಅವರ ಮನೆತನದ ಮೂಗಂತೆ. ಒಂದು ವಾರವಾದ ಮೇಲೆ ಅವಳು ತನ್ನ ಒಣ ಕೈಯನ್ನು ನನ್ನ ಕೈಯೊಳಗೆ ಇಟ್ಟು ಕೇಳಿದಳು: "ನನ್ನೂ ಕರಕೊಂಡ ಹೋಗ್ತಿಯೇನವಾ?"

ಬಾಲ್ತು ಒಪ್ಪಲಿಲ್ಲ. ಅವ್ವನ ಎದೆ ಸರಿಯಿಲ್ಲ, ಮೂರು ಹೆಜ್ಜೆಯ ಪೇಟೆಗೆ ಎರಡು ತಾಸು ನಡೆಸಬೇಡಿ ಎಂದ. ಆಯಿ ಅವನ ಮಾತು ಮುಗಿಯುವವರೆಗೂ ಕಾದು ಚಪ್ಪಲಿ ಹಾಕಿಕೊಂಡಳು.

ಆವತ್ತು ಕಂಡ ಮುಖವನ್ನು ನಾನು ಮರೆಯಲಾರೆ. ಹೊಸ್ತಿಲು ದಾಟಿ ನಾಲ್ಕನೆಯ ಹೆಜ್ಜೆಯಿಟ್ಟಾಗ ಆಯಿ ನಿಂತುಬಿಟ್ಟಳು. ಪೇಟೆ ಬರಲಿಲ್ಲ. ಎದುರಿಗೆ ಓಣಿ ಇತ್ತು, ಓಣಿಯ ಮೇಲೆ ಬಿಸಿಲು ಬಿದ್ದಿತ್ತು, ಮುಂದೆ ಇನ್ನೂ ಓಣಿ ಇತ್ತು. ಪ್ರತಿ ಮನೆಯ ಮುಂದೆಯೂ ನಿಂತು ನೋಡಿದಳು. ಶಾಲೆಗೆ ಹೊರಟ ಚಿಕ್ಕ ಮಕ್ಕಳು ಮುದುಕಿಯೊಬ್ಬಳು ತಮ್ಮ ದಾರಿಯಲ್ಲಿ ಬಂದದ್ದನ್ನು ಕಂಡು ಬೆರಗಾಗಿ ಹಿಂದೆ ಹಿಂದೆ ಬಂದರು. ಬೇವಿನ ಸಾಲು ಮುಗಿಯುವಲ್ಲಿ ಒಂದು ಕಲ್ಲಿನ ಕಟ್ಟೆಯಿತ್ತು. ನಾನು ದಿನಾ ದಾಟಿ ಹೋಗುತ್ತಿದ್ದ ಕಟ್ಟೆ. ಅಲ್ಲಿಗೆ ಬಂದಾಗ ಆಯಿ ಕೂರಬೇಕೆಂದಳು.

ಅವಳ ಗಂಡ ಕೂಡ ಹೊರಗಿನಿಂದ ಬಂದವನಂತೆ. ಚಮ್ಮಾರಿಕೆ ಕಲಿತವನು, ಯಾವುದೋ ಹಡಗಿನಿಂದ ಇಳಿದ. ಅವಳಿಗೆ ಆಗ ಹತ್ತೊಂಬತ್ತು, ದಾರಿ ಆಗಲೇ ಹತ್ತು ನಿಮಿಷಕ್ಕೆ ಬಂದಿತ್ತು. ಅವನ ಕೈ ಹಿಡಿದರೆ ಎರಡೂವರೆ ತಾಸು. ಮನೆಯವರಿಗೆ ಪೇಟೆಗೆ ಹೋಗಿ ಬರುತ್ತೇನೆಂದು ಹೇಳಿ ಅವಳು ಅವನ ದಾರಿಯಲ್ಲಿ ನಡೆಯುತ್ತಿದ್ದಳು, ಈ ಕಟ್ಟೆಯ ಮೇಲೆ ಕೂರುತ್ತಿದ್ದಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ಅವನ ದಾರಿ ಕಾಲು ತಾಸಿಗೆ ಬಂತು.

"ಊರ ಮಂದಿಯೆಲ್ಲಾ ಸಿಹಿ ತಿಂದ್ರು" ಎಂದಳು ಆಯಿ. "ನಾ ಹಿತ್ತಲದಾಗ ಕುಂತು ಅತ್ತೆ. ಆವತ್ತಿಂದ ನಮಗ ಕೈ ಹಿಡಕೊಂಡು ಹೋಗಾಕ ಎಷ್ಟ ದಾರಿ ಉಳೀತು? ಮಾತು ಸುರು ಮಾಡೂದ್ರಾಗ ಮನಿ ಬರ್ತಿತ್ತು."

ಗಂಡ ಸತ್ತು ಹನ್ನೆರಡು ವರ್ಷವಾಗಿತ್ತು. ಈ ಕಟ್ಟೆಯನ್ನು ಅವಳು ನೋಡಿ ಐವತ್ತು ವರ್ಷದ ಮೇಲಾಗಿತ್ತು.

ಆಮೇಲೆ ವಾರಕ್ಕೆರಡು ಸಲ ನಾವಿಬ್ಬರೂ ಹೊರಡುತ್ತಿದ್ದೆವು. ಕಟ್ಟೆಗೆ ಹಾಸಲೆಂದು ನಾನು ಅಂಗಡಿಯ ಚೂರು ಬಟ್ಟೆಗಳಲ್ಲಿ ಒಂದು ಕೌದಿ ಹೊಲಿದೆ. ಅದನ್ನು ಯಾರೂ ಕದಿಯಲಿಲ್ಲ. ಮಕ್ಕಳು ಮಳೆ ಬಂದಾಗ ಅದನ್ನು ಮಡಿಸಿ ಏಣಿಯ ಅಂಗಡಿಯಲ್ಲಿ ಇಡುತ್ತಿದ್ದರು. ಆಯಿಗೆ ನಾನು ಗದಗಿನ ಸುದ್ದಿ ಹೇಳಿದೆ, ಮದುವೆಯ ಸುದ್ದಿ ಹೇಳಿದೆ, ದಸ್ತಗೀರ ಹಿಂದಿಂದ ಬಾ ಎಂದದ್ದನ್ನೂ ಹೇಳಿದೆ. ಅವಳು ಅವರನ್ನು ಬೈಯಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ. ಅವರನ್ನೂ ಒಮ್ಮೆ ಕರೆದುಕೊಂಡು ಬಾ ಎಂದಳು. ನಾನು ಕರೆಯಲಿಲ್ಲ.

ನಾಲ್ಕನೆಯ ತಿಂಗಳು, ಬೆಳಗಿನ ಹತ್ತು ಗಂಟೆಯ ಹೊತ್ತು. ಕಟ್ಟೆಯ ಮೇಲೆ ಕೂತಿದ್ದಾಗ ಆಯಿ ಮಾತು ನಿಲ್ಲಿಸಿದಳು. ತುಟಿ ನೀಲಿಯಾಗಿತ್ತು, ಬೆವರು ಇಳಿಯುತ್ತಿತ್ತು, ಬಲಗೈ ನನ್ನ ಕೈಯಲ್ಲಿತ್ತು, ಎಡಗೈಯಿಂದ ಎದೆ ಒತ್ತಿಕೊಂಡಿದ್ದಳು. ಹಿಂದೆ ಮನೆ ಒಂದು ತಾಸಿನ ದಾರಿ, ಮುಂದೆ ಪೇಟೆ ಒಂದು ತಾಸಿನ ದಾರಿ. ನಾನು ಅವಳನ್ನು ಎತ್ತಿಕೊಂಡರೂ, ಬೆನ್ನಿಗೆ ಹಾಕಿಕೊಂಡರೂ ದಾರಿ ನನ್ನದೇ. ಏಣಿಯ ಅಂಗಡಿಯ ಹೆಂಗಸು ಓಡಿ ಬಂದು ನೋಡಿ ಒಂದೇ ಮಾತು ಹೇಳಿದಳು, ಕೈ ಬಿಡು ಎಂದು.

ಅದು ನನಗೂ ಗೊತ್ತಿತ್ತು. ಆಯಿಯ ಮನೆಗೂ ಪೇಟೆಗೂ ನಡುವೆ ಇದ್ದದ್ದು ಮೂರು ಹೆಜ್ಜೆ. ನಾನು ಕೈ ಬಿಟ್ಟರೆ ಅವಳು ಆ ಮೂರರಲ್ಲಿ ಒಂದು ಹೆಜ್ಜೆಯ ಮೇಲಿರುತ್ತಾಳೆ. ಜನ ಇರುತ್ತಾರೆ, ಪೇಟೆಯ ಮೂಲೆಯಲ್ಲಿ ಡಾಕ್ಟರ್ ಇದ್ದಾರೆ. ಆದರೆ ಯಾರೂ ನೋಡದೆ ಹೋದರೆ? ಬಿದ್ದು ತಲೆ ಒಡೆದರೆ? ಅವಳು ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದಿದ್ದಳು. "ಇಲ್ಲೇ ಇರ್ತೇನಿ" ಎಂದಳು. ಇನ್ನೊಮ್ಮೆ ಅದನ್ನೇ ಹೇಳಿದಳು. ಅವಳಿಗೆ ನೋವಿನಲ್ಲೂ ಆ ಕಟ್ಟೆಯ ಮೇಲೆ ಇರುವುದು ಇಷ್ಟವಿತ್ತು ಎಂದು ನನಗೆ ಅನ್ನಿಸಿತು. ನಾನು ಅವಳ ಒಂದೊಂದೇ ಬೆರಳನ್ನು ಬಿಡಿಸಿದೆ. ಕಿರುಬೆರಳು ಬಿಟ್ಟಾಗ ಕಟ್ಟೆಯ ಮೇಲೆ ಕೌದಿ ಮಾತ್ರ ಇತ್ತು, ಕೂತಿದ್ದ ಜಾಗ ಬೆಚ್ಚಗಿತ್ತು.

ಆ ಒಂದು ತಾಸನ್ನು ನಾನು ಹೇಗೆ ನಡೆದೆ ಎಂದು ಹೇಳಲಾರೆ. ಓಡಿದೆ, ಓಡಲಾಗದೆ ನಡೆದೆ, ಮತ್ತೆ ಓಡಿದೆ. ಓಡಿದರೆ ದಾರಿ ಸ್ವಲ್ಪ ಬೇಗ ಮುಗಿಯುತ್ತದೆ, ಗಿಡ್ಡವಾಗುವುದಿಲ್ಲ. ಅವಳು ಬದುಕಿದ್ದಾಳೋ ಇಲ್ಲವೋ ಊರಿಗೆಲ್ಲ ಗೊತ್ತಾಗಿರುತ್ತದೆ, ಅವಳ ಕೈ ಹಿಡಿದಿದ್ದ ನನಗೆ ಮಾತ್ರ ಕೊನೆಗೆ ಗೊತ್ತಾಗುವುದು ಎಂಬ ಯೋಚನೆಯೇ ತಲೆಯಲ್ಲಿತ್ತು.

ಮನೆ ಮುಟ್ಟಿದಾಗ ಆಯಿ ಹಾಸಿಗೆಯ ಮೇಲಿದ್ದಳು, ಕಣ್ಣು ಮುಚ್ಚಿತ್ತು, ಉಸಿರಾಡುತ್ತಿದ್ದಳು. ಡಾಕ್ಟರ್ ಬಂದು ಹೋಗಿದ್ದರು. ಪೇಟೆಯ ಮೆಟ್ಟಿಲ ಮೇಲೆ ಕುಸಿದವಳನ್ನು ಮೊದಲು ಕಂಡದ್ದು ದಸ್ತಗೀರ, ಎತ್ತಿಕೊಂಡು ಓಡಿದ್ದೂ ಅವರೇ. ಬಾಲ್ತು ನನ್ನನ್ನು ಬೈಯುತ್ತಾನೆಂದು ಬಾಗಿಲಲ್ಲೇ ನಿಂತೆ. ಅವನು ನನ್ನ ಕಾಲು ನೋಡಿದ. ಒಂದು ಚಪ್ಪಲಿ ಎಲ್ಲೋ ಕಳಚಿ ಹೋಗಿ ಪಾದದಲ್ಲಿ ರಕ್ತ ಬರುತ್ತಿತ್ತು. ಅವನು ಬಿಸಿನೀರು ತಂದು ನನ್ನ ಮುಂದಿಟ್ಟ. ದಸ್ತಗೀರ ಕೂತು ನನ್ನ ಪಾದ ತೊಳೆದರು.

ಮರುದಿನ ಬೆಳಿಗ್ಗೆ ಅವರು ಕೆಲಸಕ್ಕೆ ಹೋಗಲಿಲ್ಲ. "ನಡಿ, ನಿನ್ನ ದಾರಿಲೆ ಹೋಗೂಣು" ಎಂದು ಕೈ ಚಾಚಿದರು. ಬೇವಿನ ಸಾಲು, ಬಾವಿ, ಪೇರಲ ಗಿಡ. ತಿಂಗಳುಗಳಿಂದ ಅವರು ಅದನ್ನು ನೋಡಿರಲಿಲ್ಲ. ಮಕ್ಕಳು ನನ್ನನ್ನು ಹೆಸರು ಹಿಡಿದು ಕೂಗಿ ಆಯಿ ಹೇಗಿದ್ದಾಳೆ ಎಂದು ಕೇಳಿದರು. ಏಣಿಯವಳು ಮಡಿಸಿಟ್ಟ ಕೌದಿ ತಂದುಕೊಟ್ಟಳು. ನನ್ನ ಕಳೆದ ಚಪ್ಪಲಿಯನ್ನೂ ಕೊಟ್ಟಳು. ದಸ್ತಗೀರ ಕೌದಿಯ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕಟ್ಟೆಯ ಮೇಲೆ ಬಹಳ ಹೊತ್ತು ಕೂತರು.

"ನೀ ದಿನಾ ಇಷ್ಟ ದೂರ ಒಬ್ಬಾಕಿನ ಬರ್ತಿದ್ದಿ" ಎಂದರು ಕೊನೆಗೆ. "ಶಶಿಕಲಾಗ ಪತ್ರ ಬರೀತೇನಿ. ದ್ವೀಪಕ್ಕ ಹೋಗೂಣು. ಎಲ್ಲಿ ಇಬ್ಬರಿಗೂ ಒಂದ ದಾರಿ ಐತೋ ಅಲ್ಲಿರೂಣು."

ಅವರು ಈ ಊರನ್ನು ಬಿಡುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಬೇಡ ಎನ್ನಬೇಕು ಎನಿಸಿತು, ಅನ್ನಲಿಲ್ಲ. ಪತ್ರ ಹೋಯಿತು. ಆರು ತಿಂಗಳು ಮುಗಿಯುವ ದಿನಕ್ಕೆ ಹಡಗಿನ ಟಿಕೆಟ್ಟೂ ಬಂತು.

ಆಯಿ ಮತ್ತೆ ಎದ್ದು ನಡೆಯಲಿಲ್ಲ. ನಾನು ದಿನಾ ಸಂಜೆ ಅವಳ ಮಂಚದ ಪಕ್ಕ ಕೂತು ದಾರಿಯನ್ನು ಹೇಳುತ್ತಿದ್ದೆ. ಐದನೆಯ ತಿಂಗಳ ಒಂದು ಬೆಳಿಗ್ಗೆ ಬಾವಿ ದಾಟಿದ ಮೇಲೆ ನೀಲಿ ಗೇಟು ಬರಲಿಲ್ಲ. ತಿರುಗಿ ಹೋಗಿ ನೋಡಿದೆ. ಬಾವಿ, ಅದರ ಬೆನ್ನಿಗೇ ಏಣಿಯ ಅಂಗಡಿ. ಪೇಟೆ ಮುಟ್ಟಿದಾಗ ಗಡಿಯಾರ ಒಂದೂವರೆ ತಾಸು ತೋರಿಸುತ್ತಿತ್ತು. ಮೊದಲ ದಿನ ಇದಕ್ಕಾಗಿ ಎಷ್ಟು ಆಸೆಪಟ್ಟಿದ್ದೆನೋ ಈಗ ಅಷ್ಟೇ ಭಯವಾಯಿತು. ಗಂಡನಿಗೆ ಹೇಳಲಿಲ್ಲ. ನನಗಾಗಿ ಊರು ಬಿಡಲು ಹೊರಟವರಿಗೆ ಹೇಗೆ ಹೇಳುವುದು? ಆಯಿಗೂ ಹೇಳಲಿಲ್ಲ. ಪೇರಲ ಗಿಡದಲ್ಲಿ ಹೂ ಬಂದಿದೆ ಎಂದು ಬಾಯಿಗೆ ಬಂದದ್ದು ಹೇಳಿದೆ.

ಮಾರನೆಯ ವಾರವೂ ನಾನು ಪೇರಲದ ಹೂವನ್ನೇ ಹೇಳಿದೆ. ಆಯಿ ಕಣ್ಣು ಮುಚ್ಚಿಕೊಂಡೇ, "ಆ ಮನಿ ಹೋತೇನು?" ಎಂದು ಕೇಳಿದಳು. ನಾನು ಹೂಂ ಎಂದೆ. ನನ್ನ ಕೈ ಸವರಿದಳು. ಕಟ್ಟೆ ಇದೆಯೋ ಎಂದು ಕೇಳಿದಳು. ಇದೆ ಎಂದೆ.

"ಹಂಗಾರ ನಾ ಲಗೂ ಮಾಡಬೇಕು" ಎಂದಳು. ನಗುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. "ನನ್ನ ಗುಡ್ಡಕ್ಕ ಒಯ್ಯೂ ದಿನಾ ಚಟ್ಟಕ್ಕ ನಿನ್ನ ಕೈ ಹಚ್ಚು. ಐದ ಹೆಜ್ಜಿಗೆ ನನ್ನ ಮುಗಸಬ್ಯಾಡ್ರಿ. ನಿನ್ನ ದಾರಿಲೆ ಒಯ್ಯಿ. ಕಟ್ಟಿ ಹತ್ರ ಇಳಸ್ರಿ."

ನಾನು ಮಾತು ಕೊಟ್ಟೆ. ಕೊಟ್ಟ ಮೇಲೆ ಏನು ಮಾಡಿದೆನೆಂದು ಈಗ ನೆನೆದರೆ ನಗು ಬರುತ್ತದೆ. ಊರು ನನಗೆ ಒಗ್ಗದಿರಲೆಂದು ನೋಡಿದೆ. ಪೇಟೆಯ ಹೆಂಗಸರು ಕರೆದರೆ ಕೇಳಿಸದವಳಂತೆ ಹೋದೆ. ಮದುವೆಯೊಂದಕ್ಕೆ ಕರೆ ಬಂದರೆ ಹೊಟ್ಟೆನೋವು ಎಂದೆ. ಇಲ್ಲಿಯ ಮೀನಿನ ಸಾರು ನನ್ನ ಒಲೆಯ ಮೇಲೆ ಕುದಿಯುವುದನ್ನು ನಿಲ್ಲಿಸಿ ಜೋಳದ ನುಚ್ಚು ತಿಂದೆ. ಮೀನು ಮಾರುವ ಹೆಂಗಸೊಬ್ಬಳು ನನಗೆ ಮೈ ಸರಿಯಿಲ್ಲವೆಂದುಕೊಂಡು ಮನೆಯವರೆಗೆ ಬಂದು ಗಂಜಿ ಕೊಟ್ಟು ಹೋದಳು. ಮರುದಿನ ಬಾವಿ ಇರಲಿಲ್ಲ.

ಹಡಗಿಗೆ ಹನ್ನೊಂದು ದಿನ ಇದ್ದಾಗ, ಮಧ್ಯಾಹ್ನ ಊಟವಾದ ಮೇಲೆ ಮಲಗಿದ ಆಯಿ ಏಳಲಿಲ್ಲ. ನನ್ನ ದಾರಿ ಆಗ ಮುಕ್ಕಾಲು ತಾಸಿಗೆ ಬಂದಿತ್ತು. ಆ ಬೆಳಿಗ್ಗೆ ಕಟ್ಟೆಯನ್ನು ನೋಡಿದ್ದೆ. ನಾಳೆ ಇರುತ್ತದೆಂದು ಹೇಳುವಂತಿರಲಿಲ್ಲ. ಬಾಲ್ತು ಮರುದಿನ ಒಯ್ಯುವ ಯೋಚನೆಯಲ್ಲಿದ್ದ. ನಾನು ಅವನನ್ನು ಪಕ್ಕಕ್ಕೆ ಕರೆದು ಅವನ ತಾಯಿ ಕೇಳಿದ್ದನ್ನು ಹೇಳಿದೆ. ಇವತ್ತೇ ಒಯ್ದರೆ ಒಳ್ಳೆಯದು ಎಂದೂ ಹೇಳಿದೆ. ದಸ್ತಗೀರ ಅಲ್ಲೇ ನಿಂತಿದ್ದರು. ಯಾಕೆ ಇವತ್ತೇ ಎಂಬುದು ಅವರಿಗೆ ಆಗ ಅರ್ಥವಾಯಿತು. ನನ್ನನ್ನೇ ನೋಡುತ್ತ ನಿಂತರು.

ಬಾಲ್ತು ತುಸು ಹೊತ್ತು ಗೋಡೆಗೆ ಹಣೆ ಹಚ್ಚಿ ನಿಂತ. ಆಮೇಲೆ ಓಣಿಯವರಿಗೆ ಹೇಳಿಕಳಿಸಿದ.

ನಾಲ್ಕು ಗಂಟೆಗೆ ಹೊರಟೆವು. ಚಟ್ಟದ ಬಲಗಡೆಯ ಕೋಲಿನ ಮುಂದಿನ ತುದಿ ನನ್ನ ಹೆಗಲ ಮೇಲಿತ್ತು, ಹೆಂಗಸರು ಹೆಗಲು ಕೊಡುವ ಪದ್ಧತಿ ಇಲ್ಲಿರಲಿಲ್ಲ, ಆದರೂ ಯಾರೂ ಬೇಡವೆನ್ನಲಿಲ್ಲ. ನನ್ನ ಎಡಗೈಯನ್ನು ದಸ್ತಗೀರ ಹಿಡಿದರು, ಅವರ ಕೈಯನ್ನು ಬಾಲ್ತುವಿನ ಹೆಂಡತಿ, ಅವಳ ಕೈಯನ್ನು ಪೇಟೆಯ ಹೆಂಗಸರು. ಹೀಗೆ ಓಣಿಯ ಕೊನೆಯವರೆಗೆ ಸುಮಾರು ಇನ್ನೂರು ಮಂದಿ ಕೈಗೆ ಕೈ ಸೇರಿಸಿದರು. ಹೊಸ್ತಿಲು ದಾಟಿ ಮೂರು ಹೆಜ್ಜೆಯಾಯಿತು, ನಾಲ್ಕಾಯಿತು, ಐದಾಯಿತು. ಹಿಂದೆ ಯಾರೋ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಗುಡ್ಡ ಬರಲಿಲ್ಲ.

ಬೇವಿನ ಸಾಲಿನಲ್ಲಿ ಅರ್ಧ ಮರಗಳು ಉಳಿದಿದ್ದವು. ಒಬ್ಬ ಮುದುಕ ಒಂದು ಮರದ ಕಾಂಡವನ್ನು ತಡವಿ, ಇದರಿಂದ ಬಿದ್ದೇ ತನ್ನ ಹಲ್ಲು ಮುರಿದದ್ದು ಎಂದು ಪಕ್ಕದವನಿಗೆ ತೋರಿಸಿದ. ಪೇಟೆಯಲ್ಲಿ ಲೆಕ್ಕ ಬರೆಯುವ ಬಿಗಿ ಮುಖದ ಹೆಂಗಸೊಬ್ಬಳು ಮಗುವಿನಂತೆ ಅತ್ತ ಇತ್ತ ನೋಡುತ್ತ ಬಂದಳು. ಸಾಲಿನ ಕೊನೆಗೆ ಕಟ್ಟೆ ಕಾಣಿಸಿತು. ದಸ್ತಗೀರ ನನ್ನ ಕೈ ಬಿಗಿ ಹಿಡಿದರು. ಆಯಿಯನ್ನು ಕಟ್ಟೆಯ ಮೇಲೆ ಇಳಿಸಿದೆವು. ಬಾಲ್ತು ಈ ಜಾಗವನ್ನು ಎಂದೂ ನೋಡಿದ ನೆನಪಿಲ್ಲ ಎಂದ. ಅಪ್ಪ ಇಲ್ಲೇ ಕೂರುತ್ತಿದ್ದನೇ ಎಂದು ನನ್ನನ್ನು ಕೇಳಿದ. ನಾನು ಎಡಗಡೆಯ ಮೂಲೆ ತೋರಿಸಿದೆ. ಅವನು ಅಲ್ಲಿ ಕೂತು ತಾಯಿಯ ಕಾಲ ಮೇಲೆ ಕೈಯಿಟ್ಟುಕೊಂಡ. ಯಾರಿಗೂ ಅವಸರವಿರಲಿಲ್ಲ.

ಗುಡ್ಡದ ಮೇಲೆ ಮಣ್ಣು ಮಾಡಿದ ಮೇಲೆ ಜನ ಕೈ ಬಿಟ್ಟರು. ಬಿಟ್ಟವರು ಬಿಟ್ಟ ಹಾಗೆ ತಮ್ಮ ತಮ್ಮ ದಾರಿಗೆ ಕಾಣದಾದರು. ಸ್ವಲ್ಪ ಹೊತ್ತಿಗೆ ನಾವಿಬ್ಬರೇ ಉಳಿದೆವು. ಸೂರ್ಯ ಇನ್ನೂ ಮುಳುಗಿರಲಿಲ್ಲ. ದಸ್ತಗೀರ ಅಂಗೈಯ ಮಣ್ಣು ಒರೆಸಿಕೊಳ್ಳುತ್ತ ಎಷ್ಟು ದಿನದಿಂದ ಎಂದು ಕೇಳಿದರು. ಒಂದು ತಿಂಗಳಾಯಿತು ಎಂದೆ. ಅವರು ನೀರಿನ ಕಡೆ ನೋಡುತ್ತ, ಶಶಿಕಲಾ ಮನೆ ಒರೆಸಿ ಇಟ್ಟಿರುತ್ತಾಳೆ ಎಂದರು.

"ಬರೂದಿಲ್ಲ ಅಂತ ಬರೀರಿ" ಎಂದೆ. "ಬೇಕಾರ ಆಕೀನ ಬಂದು ಹೋಗ್ಲಿ."

ಅವರು ತಲೆಯಾಡಿಸಿದರು. ಮನೆಗೆ ಹೋಗೋಣ ಎಂದು ಕೈ ಚಾಚಿದರು. ನಾನು ಈ ಸಲ ಬೇಡ ಎಂದೆ. ಆ ದಾರಿಯಲ್ಲಿ ಒಬ್ಬಳೇ ಒಮ್ಮೆ ನಡೆಯಬೇಕು ಎನಿಸಿತ್ತು, ಕಟ್ಟೆಯ ಮೇಲೆ ತುಸು ಕೂತು ಬರಬೇಕು ಎನಿಸಿತ್ತು. ನೀವು ಮುಂದೆ ಹೋಗಿ ಚಹಾಕ್ಕೆ ನೀರಿಡಿ, ನಾನು ಹಿಂದಿನಿಂದ ಬರುತ್ತೇನೆ ಎಂದೆ. ಅವರು ಇಳಿಜಾರಿನಲ್ಲಿ ನಾಲ್ಕು ಹೆಜ್ಜೆಗೆ ಕಾಣದಾದರು.

ನಾನು ಸೆರಗು ಕೊಡವಿಕೊಂಡು ಹೊರಟೆ. ಗುಡ್ಡ ಇಳಿದೆ, ಪೇಟೆ ದಾಟಿದೆ. ಪೇಟೆಯವರು ಅಂಗಡಿ ಮುಚ್ಚುತ್ತ ನನಗೆ ತಲೆಬಾಗಿದರು, ನಾನೂ ಬಾಗಿದೆ. ಏಣಿಯ ಅಂಗಡಿಯ ಸುತ್ತಿಗೆಯ ಸದ್ದು ಈಗ ಕೇಳೀತೆಂದು ಕಿವಿಗೊಟ್ಟು ಓಣಿಯ ತಿರುವಿಗೆ ಬಂದೆ. ತಿರುವಿನಾಚೆ ಕೆಂಪು ಹಂಚಿನ ಮಾಡು ಇತ್ತು, ಅದರ ಕೆಳಗೆ ನಮ್ಮ ಬಾಗಿಲು ಇತ್ತು, ಬಾಗಿಲು ತೆರೆದಿತ್ತು.

ಹಿಂದಕ್ಕೆ ಹೋಗಿ ಮತ್ತೆ ಬಂದೆ. ಕಟ್ಟೆ ಇರಲಿಲ್ಲ, ಬಾಗಿಲೇ ಇತ್ತು.

ಮೆಟ್ಟಿಲು ಹತ್ತಿ ಒಳಗೆ ಹೋದೆ. ದಸ್ತಗೀರ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದರು. ಪಾತ್ರೆಗೆ ಆಗಷ್ಟೇ ನೀರು ಹಾಕಿದ್ದರು, ಒಲೆ ಇನ್ನೂ ಹೊತ್ತಿಸಿರಲಿಲ್ಲ. ನನ್ನ ಹೆಜ್ಜೆ ಕೇಳಿ ತಿರುಗಿದರು. ನನ್ನ ಮುಖ ನೋಡಿ ಕಡ್ಡಿಪೆಟ್ಟಿಗೆ ಕೆಳಗಿಟ್ಟು ಬಂದು ನನ್ನನ್ನು ಹಿಡಿದುಕೊಂಡರು. ನೀರು ಬಹಳ ಹೊತ್ತು ಹಾಗೇ ತಣ್ಣಗಿತ್ತು.